ಪೈಥಾನ್ 3.11 ಸಾಕಾ, 3.13 ಹಾಕ್ಬೇಕಾ?

ತೀರ್ಥಹಳ್ಳಿ, ಸಾಗರದ ಕಡೆ ಅಡಿಕೆ ಮಂಡಿ ಲೆಕ್ಕಕ್ಕೆ ಹಳೇ ಪೈಥಾನ್ ಪ್ರೋಗ್ರಾಮ್ ಇಟ್ಕೊಂಡು ಈಗ ಹೊಸ ಲ್ಯಾಪ್‌ಟಾಪ್ ತಗೊಂಡವ್ರು ಕಣ್ಮುಚ್ಚಿ 3.13 ಹಾಕ್ಬೇಡಿ ಮಾರಾಯ್ರೆ, ಮೊದ್ಲು ರಿಕ್ವೈರ್‌ಮೆಂಟ್ಸ್ ಫೈಲ್ (ಪ್ರೋಗ್ರಾಮಿಗೆ ಬೇಕಾದ ಲೈಬ್ರರಿಗಳ ಪಟ್ಟಿ) ತೆಗ್ದು ನೋಡಿ. ಅದ್ರಲ್ಲಿ ನಮ್‌ಪೈ (ಲೆಕ್ಕದ ಲೈಬ್ರರಿ) 1.24 ಅಂತ ಫಿಕ್ಸ್ ಮಾಡಿದ್ರೆ 3.11ಕ್ಕೆ ರೆಡಿ ವೀಲ್ (ಮೊದ್ಲೇ ಬಿಲ್ಡ್ ಮಾಡಿಟ್ಟ ಪ್ಯಾಕೇಜ್) ಸಿಗುತ್ತೆ, ಇನ್‌ಸ್ಟಾಲ್ ಸಲೀಸು. 3.13ಕ್ಕೆ ಆ ವರ್ಷನ್ನಿನ ವೀಲೇ ಇಲ್ಲ, ಪಿಪ್ಪು (ಲೈಬ್ರರಿ ಹಾಕೋ ಟೂಲು) ಸೋರ್ಸಿಂದ ಬಿಲ್ಡ್ ಮಾಡೋಕೆ ಹೋಗಿ ಪರದೆ ತುಂಬ ಎರರ್ ಸುರಿದು ಅಲ್ಲೇ ನಿಲ್ಲುತ್ತೆ, 3.13 ಬೇಕೇ ಬೇಕಂದ್ರೆ ನಮ್‌ಪೈ 2.1 ಇಲ್ಲಾ ಅದಕ್ಕಿಂತ ಹೊಸದಕ್ಕೆ ಹೋಗ್ಬೇಕು.

ಇನ್ನೊಂದು, ಪೈಥಾನ್ ಜೊತೆಗೇ ಬರ್ತಿದ್ದ ಕೆಲವು ಹಳೇ ಮಾಡ್ಯೂಲ್ ತೆಗ್ದಿದ್ದಾರೆ: ಡಿಸ್ಟ್‌ಯುಟಿಲ್ಸ್ 3.12ರಲ್ಲೇ ಹೋಯ್ತು, ಸಿಜಿಐ, ಟೆಲ್‌ನೆಟ್‌ಲಿಬ್ 3.13ರಲ್ಲಿ ಹೋದ್ವು, ನಿಮ್ ಕೋಡಲ್ಲಿ ಇವುಗಳ ಇಂಪೋರ್ಟ್ ಇದ್ಯಾ ಹುಡುಕಿ.

ಹಾಗಂತ 3.11ನ್ನೇ ಹಿಡ್ಕೊಂಡು ಕೂರೋ ಹಾಗಿಲ್ಲ, ಅದಕ್ಕೆ ಸೆಕ್ಯುರಿಟಿ ಅಪ್ಡೇಟ್ ಅಕ್ಟೋಬರ್ 2027ರ ತನಕ ಅಷ್ಟೇ, 3.13ಕ್ಕೆ 2029ರ ತನಕ ಇದೆ. ಹೊಸದಾಗಿ ಬರೆಯೋರಾದ್ರೆ ನನ್ ಪ್ರಕಾರ 3.13, ಯೋಚ್ನೆನೇ ಬೇಡ. ಹಳೇದು ಇರೋರು ಎರಡನ್ನೂ ಒಂದೇ ಮಿಷಿನ್ನಲ್ಲಿ ಹಾಕಿ, ಒಂದೊಂದಕ್ಕೆ ಬೇರೆ ವೆನ್ವ್ (ಲೈಬ್ರರಿಗಳನ್ನ ಪ್ರತ್ಯೇಕ ಇಡೋ ಫೋಲ್ಡರ್) ಮಾಡಿ, ಸೀಸನ್ ಮುಗಿಯೋವರ್ಗೂ 3.11ರಲ್ಲೇ ಬಿಲ್ ತೆಗೀರಿ, ಆಮೇಲೆ ಮಳೆಗಾಲದಲ್ಲಿ ಬಿಡುವಾದಾಗ ಅದೇ ರಾಶಿ, ಬೆಟ್ಟೆ, ಗೊರಬಲು ಅಡಿಕೆಯ ಬಿಲ್ಲುಗಳನ್ನ 3.13ರಲ್ಲಿ ಓಡಿಸಿ ಟೋಟಲ್ ತಾಳೆ ಹಾಕಿ ನೋಡಿ.