ಹಳೇ ಪೆಟ್ರೋಲ್ ಬಂಕಿನ ಜಾಗದ ಮಣ್ಣು ಪರೀಕ್ಷೆ: ಕೆಲಸಕ್ಕೆ ಪೂರ್ತಿ ಮಾರ್ಕು, ರಿಪೋರ್ಟಿಗೆ ಅರ್ಧ

ಕಾಸರಗೋಡಿನ ಕಡೆ ಹಳೇ ಬಂಕ್ ಇದ್ದ ಜಾಗ ತೆಗೆದುಕೊಳ್ಳುವವರು ಇದನ್ನು ಓದಿ. ನಮ್ಮ ಭಾವ ಹೆದ್ದಾರಿ ಪಕ್ಕ ಅಂಥದ್ದೊಂದು ನೋಡಿದ್ದರು. ಟ್ಯಾಂಕ್ ತೆಗೆದಾಗಿದೆ, ಗುಂಡಿ ಮುಚ್ಚಿದೆ, ಹತ್ತಿರದಲ್ಲೇ ಬಾವಿ. ವಾಸನೆ ಏನೂ ಇಲ್ಲವಲ್ಲ ಅಂದರು ಬ್ರೋಕರ್. ಮೇಲಿನ ಮಣ್ಣಲ್ಲಿ ಎಲ್ಲಿಂದ ಬರಬೇಕು ವಾಸನೆ? ಸೋರಿದ್ದರೆ ಅದು ಇರುವುದು ಟ್ಯಾಂಕಿನ ಅಡಿಯಲ್ಲಿ, ಪೈಪಿನ ಜಾಯಿಂಟ್ ಬುಡದಲ್ಲಿ, ಟ್ಯಾಂಕರಿನಿಂದ ತುಂಬಿಸುತ್ತಿದ್ದ ಬಾಯಿಯ ಕೆಳಗೆ.

ಕೃಷಿ ಭವನದ ಮೂಲಕ ತೋಟಕ್ಕೆ ಮಾಡಿಸುವ ಪರೀಕ್ಷೆ ಇದಲ್ಲ. ಅಲ್ಲಿ ನೋಡುವುದು ಹುಳಿ, ಸಾರಜನಕ, ರಂಜಕ, ಪೊಟ್ಯಾಷ್. ಇಲ್ಲಿ ನೋಡಬೇಕಾದ್ದು ಪೆಟ್ರೋಲಿನಲ್ಲಿರುವ, ಬೇಗ ಆವಿಯಾಗುವ ರಾಸಾಯನಿಕಗಳು: ಬೆಂಜೀನ್, ಟೊಲುಯೀನ್, ಈಥೈಲ್ ಬೆಂಜೀನ್, ಕ್ಸೈಲೀನ್. ಇಂಥವನ್ನು ಒಂದೊಂದಾಗಿ ಬೇರ್ಪಡಿಸಿ ಅಳೆಯುವ ಮೆಷಿನ್, ಅಂದರೆ ಗ್ಯಾಸ್ ಕ್ರೊಮ್ಯಾಟೋಗ್ರಾಫ್, ಇರುವ ಲ್ಯಾಬೇ ಆಗಬೇಕು.

ಮಣ್ಣು ತೆಗೆಯಲಿಕ್ಕೆ ಮೊದಲು ಬಂದವರ ಹೆಸರು ಬೇಡ. ಹಾರೆಯಲ್ಲಿ ಅಗೆದರು, ನಾಲ್ಕು ಕಡೆಯ ಮಣ್ಣನ್ನು ಬಕೆಟಿನಲ್ಲಿ ಕಲಸಿದರು, ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಬಿಸಿಲಲ್ಲಿ ನಿಂತ ಜೀಪಿನ ಹಿಂದೆ ಎಸೆದರು. ಕರ್ಪೂರವನ್ನು ತೆರೆದಿಟ್ಟು ಎಷ್ಟಿದೆ ಅಂತ ತೂಗಿದ ಹಾಗಾಯಿತು. ಪೆಟ್ರೋಲ್ ಆರಿ ಹೋಗುತ್ತದೆ, ಆಮೇಲೆ ಎಂಥ ಮೆಷಿನ್ ಇದ್ದರೂ "ಏನೂ ಇಲ್ಲ" ಅಂತಲೇ ಬರುತ್ತದೆ ಅಲ್ವಾ? ಬಂದದ್ದೂ ಅದೇ.

ಎರಡನೆಯವರು ಎರ್ನಾಕುಲಂ ಕಡೆಯ ಲ್ಯಾಬು. ಇವರ ಕೆಲಸ ನೋಡಲಿಕ್ಕೇ ಖುಷಿ. ಡ್ರಿಲ್ ಹಾಕಿ ಹಂತ ಹಂತವಾಗಿ ಮಣ್ಣು ತೆಗೆದರು, ಒಂದೊಂದು ಆಳದ ಮಣ್ಣನ್ನೂ ಸಣ್ಣ ಚೀಲಕ್ಕೆ ಹಾಕಿ ಬಾಯಿ ಬಿಗಿದು, ಸ್ವಲ್ಪ ಹೊತ್ತು ಬಿಟ್ಟು ಒಳಗಿನ ಗಾಳಿಗೆ ಕೈಮೀಟರ್ ಹಿಡಿದರು. ಆ ಮೀಟರ್ ಯಾವ ರಾಸಾಯನಿಕ ಅಂತ ಹೇಳುವುದಿಲ್ಲ, ಆವಿ ಎಲ್ಲಿ ಜಾಸ್ತಿ ಅಂತ ಮಾತ್ರ ತೋರಿಸುತ್ತದೆ. ಜಾಸ್ತಿ ಕಂಡ ಆಳದ ಮಣ್ಣನ್ನು ಕಲಸದೆ, ಆವಿ ಹಾರಿಹೋಗದ ಹಾಗೆ ಕೂಡಲೇ ಮೆಥನಾಲ್ ಇದ್ದ ಗಾಜಿನ ಬಾಟಲಿಗೆ ಹಾಕಿ ಐಸ್ ಪೆಟ್ಟಿಗೆಗೆ ಸೇರಿಸಿದರು. ಸ್ಯಾಂಪಲ್ ಯಾರ ಕೈಯಿಂದ ಯಾರ ಕೈಗೆ ಹೋಯಿತು ಅಂತ ಬರೆಯುವ ಚೀಟಿಗೂ ಸಹಿ ಹಾಕಿಸಿಕೊಂಡರು.

ಬಾವಿ ನೀರನ್ನೂ ಕೊಡಿ ಅಂತ ಒತ್ತಾಯ ಮಾಡಿದ್ದು ಅವರೇ. ಸರಿಯಾದ ಮಾತು. ನಮ್ಮ ಮುರಕಲ್ಲಿನಲ್ಲಿ ತೂತುಗಳು ತುಂಬಾ, ನೀರು ಸರಸರ ಹರಿಯುತ್ತದೆ. ಪೆಟ್ರೋಲ್ ನೀರಿನ ಮೇಲೆ ತೇಲುತ್ತದೆ, ಮಳೆಗಾಲದಲ್ಲಿ ಅಂತರ್ಜಲದ ಜೊತೆ ಮೇಲೇರಿ ಬೇಸಗೆಯಲ್ಲಿ ಇಳಿಯುತ್ತಾ ದಾರಿಯುದ್ದಕ್ಕೂ ಮಣ್ಣಿಗೆ ಮೆತ್ತಿಕೊಳ್ಳುತ್ತದೆ. ಅದರಲ್ಲಿರುವ ಬೆಂಜೀನ್ ಉಳಿದವುಗಳಿಗಿಂತ ಹೆಚ್ಚು ನೀರಲ್ಲಿ ಕರಗಿ ಮುಂದೆ ಹೋಗುತ್ತದೆ. ಕುಡಿಯುವ ನೀರಿನಲ್ಲಿ ಅದಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ಕಣ್ಣಿಗೂ ಮೂಗಿಗೂ ಸಿಗದ ಲೆಕ್ಕ ಅದು.

ತಕರಾರು ರಿಪೋರ್ಟಿನದ್ದು. ಸುಮ್ನೆ ಅಂಕಿಗಳ ಪಟ್ಟಿ. ಯಾವ ಆಳದ್ದು ಅಂತ ಇಲ್ಲ, ಹೋಲಿಸಲಿಕ್ಕೆ ಮಿತಿಯೂ ಇಲ್ಲ. ಫೋನ್ ಮಾಡಿ ಮಾಡಿ ಕೇಳಿದ ಮೇಲೆ ಬೇರೆ ಹಾಳೆ ಬಂತು. ದುಡ್ಡು ಮಾತ್ರ ಪೂರ್ತಿ ಮುಂಗಡ!

ತುಂಬಿಸುವ ಬಾಯಿಯ ಕೆಳಗೆ ಕ್ಸೈಲೀನ್ ಸಿಕ್ಕಿತು, ಬಾವಿಯಲ್ಲಿ ಇಲ್ಲ. ಆ ಮಣ್ಣು ತೆಗೆಸಿ ಕೊಟ್ಟರೆ ಮಾತ್ರ ವ್ಯಾಪಾರ ಅಂತ ಭಾವ ಹೇಳಿದ್ದಾರೆ. ಮಳೆ ಕಳೆದ ಮೇಲೆ ನೀರನ್ನು ಮತ್ತೊಮ್ಮೆ ಇವರಿಗೇ ಕೊಡುತ್ತೇವೆ, ಅರ್ಧ ದುಡ್ಡು ರಿಪೋರ್ಟ್ ಬಂದ ಮೇಲೆ ಅಂತ ಮೊದಲೇ ಹೇಳಿ.