ಮಲೇರಿಯಾ ಕಾರ್ಡ್ ಟೆಸ್ಟ್: ಆಫ್ರಿಕಾದಿಂದ ಬಂದವರ ಜ್ವರಕ್ಕೆ ಎಷ್ಟು ನಂಬಬಹುದು?

ಬೆಂಗಳೂರಿನಲ್ಲಿ ಜ್ವರ ಬಂದು ಪ್ಲೇಟ್‌ಲೆಟ್ ಇಳಿದರೆ ಎಲ್ಲರ ಬಾಯಲ್ಲೂ ಡೆಂಗಿ. ಫಾಲ್ಸಿಪಾರಂ ಎಂಬ ಅಪಾಯಕಾರಿ ಬಗೆಯ ಮಲೇರಿಯಾದಲ್ಲೂ ಪ್ಲೇಟ್‌ಲೆಟ್ ಇಳಿಯುತ್ತದೆ. ಉಗಾಂಡ, ಕಾಂಗೊ, ನೈಜೀರಿಯಾ ಕಡೆಯಿಂದ ಬಂದ ಮೂರು ತಿಂಗಳೊಳಗೆ ಜ್ವರ ಕಾಣಿಸಿದರೆ ಮಲೇರಿಯಾ ಟೆಸ್ಟ್ ಅದೇ ದಿನ ಆಗಬೇಕು. ರಾತ್ರಿ ಸ್ಮಿಯರ್ (ಗಾಜಿನ ಮೇಲೆ ಸವರಿದ ರಕ್ತ) ಸೂಕ್ಷ್ಮದರ್ಶಕದಲ್ಲಿ ನೋಡುವವರಿಲ್ಲದ ಸಣ್ಣ ನರ್ಸಿಂಗ್ ಹೋಮ್‌ಗೆ, ರಕ್ತದ ಹನಿ ಹಾಕಿದರೆ ಗೆರೆ ಮೂಡಿಸಿ ಮಲೇರಿಯಾ ತೋರಿಸುವ ಕಾರ್ಡ್ ನಿಜಕ್ಕೂ ಆಸರೆ.

ಕೊಳ್ಳುವಾಗ ಪೊಟ್ಟಣದ ಮೇಲಿನ ಅಕ್ಷರ ಓದಿ. ನಮ್ಮಲ್ಲಿ ಹೆಚ್ಚಾಗಿ ಸಿಗುವ 'ಪಿಎಫ್/ಪಿವಿ' ಕಾರ್ಡ್ ಹುಡುಕುವುದು ಫಾಲ್ಸಿಪಾರಂ (ಪಿಎಫ್), ವೈವಾಕ್ಸ್ (ಪಿವಿ) ಎಂಬ ಎರಡು ಬಗೆಯ ಮಲೇರಿಯಾ ಪರಾವಲಂಬಿಗಳನ್ನೇ. ಆಫ್ರಿಕಾದಿಂದ ಬರುವ ಓವೇಲ್, ಮಲೇರಿಯೆ ಎಂಬ ಬೇರೆ ಬಗೆಗಳು ಅದಕ್ಕೆ ಕಾಣವು. ಅಲ್ಲಿಂದ ಬಂದವರಿಗೆ 'ಪಿಎಫ್/ಪ್ಯಾನ್' (ಪ್ಯಾನ್ ಎಂದರೆ ಎಲ್ಲ ಬಗೆ) ಕಾರ್ಡೇ ಸರಿ. ಅದರ ಪ್ಯಾನ್ ಗೆರೆಯೂ ಓವೇಲ್ ವಿಷಯದಲ್ಲಿ ಮಂದವೇ.

ಬಳಸುವುದು ಸುಲಭ, ಕೆಡಿಸುವುದೂ ಸುಲಭ. ಪೊಟ್ಟಣ ಒಡೆದ ಕೂಡಲೇ ಟೆಸ್ಟ್ ಮಾಡಿ, ತೇವ ತಾಗಿದ ಪಟ್ಟಿ ಹಾಳು. ಸಾಮಾನ್ಯವಾಗಿ 5 ಮೈಕ್ರೋಲೀಟರ್ ರಕ್ತ ಸಾಕು, ಕೊಟ್ಟ ನಳಿಗೆಯಲ್ಲೇ ಅಳೆಯಿರಿ. ಹೆಚ್ಚು ಹಾಕಿದರೆ ಹಿನ್ನೆಲೆ ಕೆಂಪಾಗಿ ಗೆರೆ ಮುಚ್ಚಿಹೋಗುತ್ತದೆ. ಬಫರ್ (ಕಿಟ್‌ನೊಂದಿಗೆ ಬರುವ ದ್ರಾವಣ) ಎಷ್ಟು ಹನಿ, ಎಷ್ಟು ನಿಮಿಷಕ್ಕೆ ಓದಬೇಕು ಎಂಬುದು ಕಿಟ್‌ನಿಂದ ಕಿಟ್‌ಗೆ ಬೇರೆ. ಒಂದರ ಬಫರ್ ಇನ್ನೊಂದಕ್ಕೆ ಬೇಡ. ಗಡುವು ಮೀರಿದ ಮೇಲೆ ಮೂಡಿದ ಗೆರೆ ಲೆಕ್ಕಕ್ಕಿಲ್ಲ. ಕಾರ್ಡ್ ಕೆಲಸ ಮಾಡಿದೆ ಎಂದು ತೋರಿಸುವ 'ಸಿ' ಗೆರೆ ಬರದಿದ್ದರೆ ಹೊಸ ಕಾರ್ಡ್ ತೆಗೆಯಿರಿ.

ದೊಡ್ಡ ಕೊರತೆ ನೆಗೆಟಿವ್ ಫಲಿತಾಂಶದಲ್ಲಿದೆ. ಮೈಕ್ರೋಲೀಟರ್‌ಗೆ 200ಕ್ಕಿಂತ ಕಡಿಮೆ ಪರಾವಲಂಬಿಗಳಿದ್ದರೆ ಕಾರ್ಡ್ ತಪ್ಪಬಹುದು. ಎರಿಟ್ರಿಯಾ, ಇಥಿಯೋಪಿಯಾ, ಜಿಬೂತಿ ಕಡೆಯ ಕೆಲವು ಫಾಲ್ಸಿಪಾರಂಗಳಲ್ಲಿ, ಪಿಎಫ್ ಗೆರೆ ಹುಡುಕುವ ಎಚ್‌ಆರ್‌ಪಿ-2 ಪ್ರೋಟೀನ್‌ನ ಜೀನೇ ಇಲ್ಲ, ಹಾಗಾಗಿ ಪಿಎಫ್ ಗೆರೆ ಮೂಡದು. ಪರಾವಲಂಬಿ ವಿಪರೀತ ಇದ್ದಾಗಲೂ ಈ ಗೆರೆ ಮಸುಕಾಗುವುದುಂಟು. ಆದ್ದರಿಂದ ನೆಗೆಟಿವ್ ಬಂದರೂ ದಪ್ಪ, ತೆಳು ಎರಡೂ ಸ್ಮಿಯರ್ ಮಾಡಿಸಿ. ಅನುಮಾನ ಉಳಿದರೆ 12ರಿಂದ 24 ಗಂಟೆಗೊಮ್ಮೆ, ಒಟ್ಟು ಮೂರು ಬಾರಿ ಪರೀಕ್ಷಿಸಿ. ಲ್ಯಾಬ್ ಚೀಟಿಯಲ್ಲಿ ಹೋಗಿಬಂದ ದೇಶದ ಹೆಸರು ಬರೆಯಲೇಬೇಕು.

ಪಾಸಿಟಿವ್ ಬಂದರೂ ಸ್ಮಿಯರ್ ಬೇಕೇ ಬೇಕು: ಎಷ್ಟು ಶೇಕಡಾ ಕೆಂಪುಕಣಗಳಿಗೆ ಸೋಂಕು ತಗುಲಿದೆ ಎಂದು ಕಾರ್ಡ್ ಹೇಳದು. ಮಂಪರು, ಕಾಮಾಲೆ, ಉಸಿರಾಟದ ತೊಂದರೆ, ಮೂತ್ರ ಕಡಿಮೆಯಾಗುವುದು, ಇವುಗಳಲ್ಲಿ ಒಂದಿದ್ದರೂ ಸ್ಮಿಯರ್ ವರದಿಗೆ ಕಾಯದೆ ಐಸಿಯು ಇರುವ ಆಸ್ಪತ್ರೆಗೆ ಕಳಿಸಿ, ರಕ್ತನಾಳದ ಮೂಲಕ ಆರ್ಟಿಸುನೇಟ್ ಎಂಬ ಮಲೇರಿಯಾ ಔಷಧಿ ಶುರುವಾಗಲಿ. ಗುಣವಾಯಿತೇ ಎಂದು ನೋಡಲು ಮಾತ್ರ ಈ ಕಾರ್ಡ್ ಬಳಸಬೇಡಿ. ಪರಾವಲಂಬಿ ಸತ್ತ ಮೇಲೂ ಪಿಎಫ್ ಗೆರೆ ವಾರಗಟ್ಟಲೆ ಮೂಡುತ್ತಲೇ ಇರುತ್ತದೆ.