ಮೊದಲ ಕಾದಂಬರಿಯ ಕರಾರಿಗೆ ಸಹಿ ಹಾಕುವ ಮುನ್ನ: ಹಕ್ಕು ಯಾವಾಗ ವಾಪಸ್ ಬರುತ್ತದೆ ನೋಡಿಕೊಳ್ಳಿ

ನನ್ನ ಮೊದಲ ಕಾದಂಬರಿಯ ಅಚ್ಚಾದ ಪ್ರತಿ ಇವತ್ತು ಯಾವ ಪುಸ್ತಕದಂಗಡಿಯಲ್ಲೂ ಇಲ್ಲ. ತಾವಾಗಿಯೇ ಕೇಳಿಕೊಂಡು ಬಂದ ಇನ್ನೊಬ್ಬ ಪ್ರಕಾಶಕರಿಗೆ ಕೊಡೋಣವೆಂದರೆ ನನಗೆ ಅಧಿಕಾರವಿಲ್ಲ. ಬರೆದವಳು ನಾನು, ಮುಖಪುಟದ ಮೇಲಿನ ಹೆಸರೂ ನನ್ನದೇ. ಹಕ್ಕು ಮಾತ್ರ ಆರು ವರ್ಷದ ಹಿಂದೆ ಸರಿಯಾಗಿ ಓದದೆ ಸಹಿ ಹಾಕಿದ ಹನ್ನೊಂದು ಪುಟಗಳಲ್ಲಿ ಸಿಕ್ಕಿಕೊಂಡಿದೆ. ಮೊದಲ ಹಸ್ತಪ್ರತಿ ಹಿಡಿದು ಪ್ರಕಾಶಕರನ್ನು ಹುಡುಕುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ.

ನಾನು ಎಡವಿದ್ದು ಕರಾರಿಗೂ ಮೊದಲೇ. ಕಾದಂಬರಿ ಅರ್ಧದಲ್ಲಿರುವಾಗಲೇ ಸಾರಾಂಶ, ಮೂರು ಅಧ್ಯಾಯ ಜೋಡಿಸಿ ಪ್ರಸ್ತಾವ ಕಳಿಸಿದೆ. ಕಥೆ-ಕಾದಂಬರಿಯಲ್ಲದ ಪುಸ್ತಕಗಳಿಗೆ ಈ ಕ್ರಮ ನಡೆಯುತ್ತದೆ. ವಿಷಯ, ಅಧ್ಯಾಯಗಳ ಪಟ್ಟಿ, ಮಾದರಿ ಪುಟ ನೋಡಿ ಒಪ್ಪುತ್ತಾರೆ. ಹೊಸ ಕಾದಂಬರಿಕಾರರದ್ದಾದರೆ ಸಾಮಾನ್ಯವಾಗಿ ಪೂರ್ತಿ ಹಸ್ತಪ್ರತಿ ಓದದೆ ತೀರ್ಮಾನಿಸುವುದಿಲ್ಲ. ಶುರು ಚೆನ್ನಾಗಿದ್ದ ಕಥೆ ದಡ ಮುಟ್ಟುತ್ತದೋ ಇಲ್ಲವೋ ಎಂಬುದು ಮೂರು ಅಧ್ಯಾಯದಲ್ಲಿ ತಿಳಿಯುವುದಿಲ್ಲವಲ್ಲ. ಐದು ಕಡೆಯವರು ಮುಗಿಸಿ ಕಳಿಸಿ ಎಂದರು. ಒಂದು ಸಂಸ್ಥೆ ಮಾತ್ರ ಹತ್ತೇ ದಿನದಲ್ಲಿ ಒಪ್ಪಿಬಿಟ್ಟಿತು. ಅನುಮಾನ ಬರಬೇಕಿದ್ದ ಜಾಗದಲ್ಲಿ ನನಗೆ ಬಂದದ್ದು ಬರೀ ಸಂತೋಷ. ಕರಾರಿನ ಹಿಂದೆಯೇ ಫೋನು ಬಂತು: "ಎಲ್ಲರಿಗೂ ಇದೇ ನಮೂನೆ ಮೇಡಂ, ನಾಳೆಯೊಳಗೆ ಸಹಿ ಮಾಡಿ ಕಳಿಸಿಬಿಡಿ." ಕಳಿಸಿದೆ.

ಕಾಪಿರೈಟ್ ಲೇಖಕಿಯದು ಎಂದು ಮೊದಲ ಪುಟದಲ್ಲೇ ಇತ್ತು, ಅಷ್ಟಕ್ಕೇ ಸಮಾಧಾನಪಟ್ಟುಕೊಂಡೆ. ನಾಲ್ಕನೇ ಪುಟದಲ್ಲಿ ಮುದ್ರಣ, ಇ-ಬುಕ್, ಆಡಿಯೋ, ಅನುವಾದ, ಸಿನಿಮಾ ಹಕ್ಕುಗಳೆಲ್ಲವೂ "ಕೃತಿಸ್ವಾಮ್ಯದ ಪೂರ್ಣ ಅವಧಿಗೆ" ಪ್ರಕಾಶಕರಿಗೆ ಸೇರಿದ್ದವು. ಆ ಅವಧಿ ಎಷ್ಟು ಗೊತ್ತೇ? ಕೃತಿಸ್ವಾಮ್ಯ, ಅಂದರೆ ಕಾಪಿರೈಟ್ ಕುರಿತ 1886ರ ಅಂತರರಾಷ್ಟ್ರೀಯ ಬರ್ನ್ ಒಪ್ಪಂದಕ್ಕೆ ಸೇರಿದ ದೇಶಗಳಲ್ಲಿ ಬರೆದವರ ಆಯುಷ್ಯವಿಡೀ, ಅವರು ತೀರಿಕೊಂಡ ಮೇಲೆ ಕನಿಷ್ಠ 50 ವರ್ಷ.

ಇಷ್ಟು ದೀರ್ಘ ಕಾಲಕ್ಕೆ ಹಕ್ಕು ಬರೆದುಕೊಡುವುದು ಹಲವು ಕಡೆ ವಾಡಿಕೆಯೇ. ಅದಕ್ಕೇ ಪುಸ್ತಕದ ಮಾರಾಟ ನಿಂತಾಗ ಹಕ್ಕು ಲೇಖಕರಿಗೆ ಮರಳುವ ಕಲಂ ಗಟ್ಟಿಯಾಗಿರಬೇಕು. ನನ್ನದರಲ್ಲಿ ಇದ್ದದ್ದು ಇಷ್ಟೇ: "ಕೃತಿಯು ಯಾವುದೇ ರೂಪದಲ್ಲಿ ಲಭ್ಯವಿಲ್ಲದಾಗ." ಮೊದಲೆಲ್ಲ ಅಚ್ಚಾದ ಪ್ರತಿ ಖರ್ಚಾಗಿ ಮರುಮುದ್ರಣ ಆಗದಿದ್ದರೆ ಪುಸ್ತಕ ಲಭ್ಯವಿಲ್ಲವೆಂದು ಯಾರಾದರೂ ಹೇಳಬಹುದಿತ್ತು. ಈಗ ಇ-ಬುಕ್ಕಿನ ಫೈಲು ಎಷ್ಟು ವರ್ಷವಾದರೂ ಮಾರಾಟದ ಪಟ್ಟಿಯಲ್ಲಿ ಉಳಿಯುತ್ತದೆ; ಆರ್ಡರ್ ಬಂದರೆ ಒಂದೇ ಒಂದು ಪ್ರತಿ ಮುದ್ರಿಸುವ ಪ್ರಿಂಟ್ ಆನ್ ಡಿಮಾಂಡ್ ಇದೆ. ಕಳೆದ ವರ್ಷ ನನ್ನ ಪುಸ್ತಕ ಹೋದದ್ದು ನಾಲ್ಕು ಇ-ಪ್ರತಿ. ಹಕ್ಕು ಮರಳಿಸಿ ಎಂದು ಬರೆದ ಎರಡು ಪುಟದ ಪತ್ರಕ್ಕೆ ಬಂದ ಉತ್ತರ ಎರಡೇ ಪದ: ಕೃತಿ ಲಭ್ಯವಿದೆ. ಅದನ್ನು ಓದಿ ಅವತ್ತೆಲ್ಲ ನನಗೆ ಬೇರೇನೂ ಮಾಡಲಾಗಲಿಲ್ಲ.

ಬ್ರಿಟನ್ನಿನಲ್ಲಿ 1710ರಲ್ಲಿ ಜಾರಿಗೆ ಬಂದ ಕಾಪಿರೈಟ್ ಕಾನೂನು ಹೊಸ ಪುಸ್ತಕಕ್ಕೆ 14 ವರ್ಷದ ಹಕ್ಕು ಕೊಟ್ಟು, ಅಷ್ಟು ಹೊತ್ತಿಗೆ ಲೇಖಕ ಬದುಕಿದ್ದರೆ ಇನ್ನೊಂದು 14 ವರ್ಷದ ಹಕ್ಕನ್ನು ಅವನಿಗೇ ಮರಳಿಸುತ್ತಿತ್ತಂತೆ. ಇದನ್ನು ಓದಿದಾಗ ಹೊಟ್ಟೆಯಲ್ಲಿ ಸಂಕಟವಾಯಿತು.

ರಾಯಲ್ಟಿ 10% ಎಂದರೆ ಯಾವುದರ ಮೇಲೆ ಎಂದೂ ಕೇಳಿ. ಮುಖಬೆಲೆ 100 ಇದ್ದು ಮಾರಾಟಗಾರರಿಗೆ ಅದರಲ್ಲಿ 50% ಬಿಟ್ಟುಕೊಟ್ಟರೆ, ಮುಖಬೆಲೆಯ ಲೆಕ್ಕದಲ್ಲಿ ನಿಮಗೆ ಪ್ರತಿಗೆ 10, ಪ್ರಕಾಶಕರ ಕೈಗೆ ಬಂದ ಹಣದ ಲೆಕ್ಕದಲ್ಲಿ 5. ಮುಖಪುಟಕ್ಕೆಂದೋ ತಿದ್ದುಪಡಿಗೆಂದೋ ನಿಮ್ಮಿಂದಲೇ ದುಡ್ಡು ಕೇಳಿದರೆ ಅವರು ಮಾರುತ್ತಿರುವುದು ಮುದ್ರಣದ ಸೇವೆ. ಅದು ಬೇಕಿದ್ದರೆ ಅದೇ ಹೆಸರಿನಲ್ಲಿ, ಹಕ್ಕು ಕೈಬಿಡದೆ ತೆಗೆದುಕೊಳ್ಳಿ.

ಇನ್ನೊಂದು ಏಟು ಬಿದ್ದದ್ದು ಎರಡನೇ ಕಾದಂಬರಿಗೆ. ಮುಂದಿನ ಕೃತಿಯನ್ನು ಮೊದಲು ಅವರಿಗೇ ಕೊಡಬೇಕೆಂಬ ಕಲಂ ಇತ್ತು, ಅವರು ಎಷ್ಟು ದಿನದಲ್ಲಿ ಉತ್ತರಿಸಬೇಕೆಂದು ಇರಲಿಲ್ಲ. ಹದಿನಾಲ್ಕು ತಿಂಗಳು ಇಟ್ಟುಕೊಂಡು ಬೇಡವೆಂದರು. ಇಂಥ ಕಲಂ ತೆಗೆಸಲು ಆಗದಿದ್ದರೆ 60 ದಿನ ಎಂದಾದರೂ ಬರೆಸಿಕೊಳ್ಳಿ.

ಆ ಕಾದಂಬರಿ ಈಗ ಬೇರೆ ಕಡೆ ಬರುತ್ತಿದೆ. ಈ ಸಲ ಕರಾರನ್ನು ವಕೀಲರೊಬ್ಬರಿಗೆ ತೋರಿಸಿ, ಅವರು ಬರೆದುಕೊಟ್ಟ ಸಾಲನ್ನು ಪ್ರಕಾಶಕರ ಮುಂದಿಟ್ಟೆ: "ಯಾವುದೇ ಹನ್ನೆರಡು ತಿಂಗಳಲ್ಲಿ ಎಲ್ಲ ರೂಪಗಳೂ ಸೇರಿ 100ಕ್ಕಿಂತ ಕಡಿಮೆ ಪ್ರತಿ ಮಾರಾಟವಾದಲ್ಲಿ, ಲೇಖಕರ ಪತ್ರ ತಲುಪಿದ 90 ದಿನಗಳೊಳಗೆ ಎಲ್ಲ ಹಕ್ಕುಗಳೂ ಲೇಖಕರಿಗೆ ಮರಳತಕ್ಕದ್ದು." ಕೇಳುವಾಗ ಕೈ ನಡುಗುತ್ತಿತ್ತು, ಪುಸ್ತಕವೇ ಬೇಡ ಎಂದುಬಿಟ್ಟಾರೆಂದು. ಅವರು ಓದಿದರು, 100ನ್ನು 75 ಮಾಡಬಹುದೇ ಎಂದು ಕೇಳಿದರು. ಆಗಲಿ ಎಂದೆ.